ಓನರಜ್ಜಿ ಕುದುರಿಸಿದ ಸೀಟು

ಕಾಲೇಜಿನ ಆಫೀಸಿನಲ್ಲಿ ಕೂತಾಗ ಕಡಲೆಕಾಯಿ ಹಿಂಡಿಯ ವಾಸನೆ ಬರುತ್ತದೆಂದು ಯಾರು ಎಣಿಸುತ್ತಾರೆ? ಹತ್ತನೇ ತರಗತಿ ಮುಗಿಸಿದ ಮಗಳಿಗೆ ಪಿಯುಸಿ ಸೀಟು ವಿಚಾರಿಸಲು ಹೋಗಿದ್ದೆ. ಜಾಲಹಳ್ಳಿಯಿಂದ ಆಚೆ, ಹೊಸದಾಗಿ ಬಣ್ಣ ಬಳಿದುಕೊಂಡು ನಿಂತಿರುವ ಕಾಲೇಜು. ಒಳಗೆ ಗಾಜಿನ ಕೌಂಟರು, ಟೋಕನ್ ನಂಬರು ಕೂಗುವ ಯಂತ್ರ, ಗೋಡೆಯ ತುಂಬ ರ‍್ಯಾಂಕ್ ಬಂದ ಮಕ್ಕಳ ನಗುಮುಖ. ಏಸಿ ಕೆಟ್ಟಿದೆಯೆಂದು ಕಿಟಕಿ ತೆರೆದಿಟ್ಟಿದ್ದರು. ಕಾಂಪೌಂಡಿಗೆ ಅಂಟಿಕೊಂಡೇ ಒಂದು ಪಶು ಆಹಾರದ ಅಂಗಡಿಯಿದೆ. ಅಲ್ಲಿ ಯಾರೋ ಮೂಟೆ ಬಿಚ್ಚಿದರು. ಎಣ್ಣೆಯ ಜಿಡ್ಡಿನ, ಸ್ವಲ್ಪ ಕಮಟು, ಸ್ವಲ್ಪ ಸಿಹಿಯಾದ ಆ ವಾಸನೆ ನೇರವಾಗಿ ಒಳಗೆ ಬಂತು...

"ಅಮ್ಮಿ, ಕಾಲು," ಎಂದಳು ಮಗಳು, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು. ಕೂತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಹಳೆಯ ಚಾಳಿ. ಈ ಎರಡು ತಿಂಗಳಿಂದ ಅದು ಹೆಚ್ಚಾಗಿದೆ. ನೋಡಿದ ಕಾಲೇಜುಗಳ ಲೆಕ್ಕ ತಪ್ಪಿಹೋಗಿದೆ. ಒಂದು ಕಡೆ ಫೀಸು ಕೈಗೆಟುಕುತ್ತದೆ, ದಾರಿ ದೂರ. ಇನ್ನೊಂದು ಕಡೆ ಎಲ್ಲವೂ ಸರಿ, ಆದರೆ ಮಗಳ ಸ್ಕಾರ್ಫ್ ಕಂಡ ಕೂಡಲೇ ಕೌಂಟರಿನಲ್ಲಿ ಕೂತವರ ದನಿ ಬದಲಾಗುತ್ತದೆ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಗಲಿ ಎಂದೂ ಹೇಳುವುದಿಲ್ಲ. ಅಡ್ಮಿಷನ್ ಆಗ್ಲಿ ಮೇಡಂ, ಆಮೇಲೆ ನೋಡೋಣ, ಅನ್ನುತ್ತಾರೆ. ಫೀಸು ಕಟ್ಟಿ, ಸರ್ಟಿಫಿಕೇಟುಗಳನ್ನು ಅವರ ಕೈಗೆ ಒಪ್ಪಿಸಿದ ಮೇಲೆ ನೋಡುವುದಕ್ಕೆ ನನಗೇನು ಉಳಿದಿರುತ್ತದೆ? ಆ ನೋಡೋಣ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಬೇಡ ಎಂದುಬಿಟ್ಟರೆ ಎದ್ದು ಹೋಗಬಹುದು. ನನ್ನ ಗಂಡ ಮಾತ್ರ, ನೀನೇ ಓದಿದವಳು, ನೀನೇ ನೋಡು ಎಂದು ಕೈತೊಳೆದುಕೊಂಡಿದ್ದಾರೆ.

ಆ ನೋಡೋಣಕ್ಕೆ ಮದ್ದು ಗೊತ್ತಿದ್ದವರು ಒಬ್ಬರೇ ಒಬ್ಬರು ನನ್ನ ಬದುಕಿನಲ್ಲಿ ಬಂದುಹೋದರು. ಅವರ ಮೈಯಿಂದ ಯಾವಾಗಲೂ ಈ ಹಿಂಡಿಯ ವಾಸನೆಯೇ ಬರುತ್ತಿತ್ತು. ನಮ್ಮ ಓನರಜ್ಜಿ.

ಲಗ್ಗೆರೆಯಲ್ಲಿ ನಾವು ಬಾಡಿಗೆಗಿದ್ದ ವಠಾರ ಅವರದು. ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿದ್ದ ಜಾಗದಲ್ಲಿ ಒಂದೇ ಸಾಲಿಗೆ ಶೀಟಿನ ಮನೆಗಳನ್ನು ಕಟ್ಟಿಸಿದ್ದರು. ಬಾಡಿಗೆಗಿದ್ದವರೆಲ್ಲ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು. ರಾಯಚೂರು, ಕೊಪ್ಪಳದ ಕಡೆಯ ಹುಡುಗರು ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಇರುತ್ತಿದ್ದರು. ಕೊನೆಯ ಮನೆ ನಮ್ಮದು. ನಮ್ಮ ಗೋಡೆಯ ಆಚೆಗೆ ಅಜ್ಜಿಯ ಕೊಟ್ಟಿಗೆ. ಹೊಲ ಹೋದರೂ ಒಂದು ಹಸುವನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಹಿಂಡಿ ನೆನೆಹಾಕಿದ ಬಕೆಟ್ಟು ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೇ ಇರುತ್ತಿತ್ತು. ಹಬ್ಬದ ದಿನ ನನ್ನ ತಾಯಿ ಎಷ್ಟೇ ಏಲಕ್ಕಿ ಲವಂಗ ಹಾಕಿ ಕುರ್ಮಾ ಮಾಡಿದರೂ ನಮಗೆ ಅದರೊಳಗೆ ಹಿಂಡಿಯೇ ಘಮ್ಮೆನ್ನುತ್ತಿತ್ತು.

ಅಜ್ಜಿಯ ಗಂಡ ದನದ ದಳ್ಳಾಳಿಯಾಗಿದ್ದರಂತೆ. ಸಂತೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವ ಕೆಲಸ. ಅವರ ಹಿಂದೆ ಬುತ್ತಿ ಹೊತ್ತು ಸಂತೆ ಸುತ್ತಿದ ಅಜ್ಜಿಗೂ ಆ ವಿದ್ಯೆ ಹತ್ತಿತ್ತು. ದನದ ವ್ಯಾಪಾರದಲ್ಲಿ ಎಲ್ಲರ ಎದುರು ಬೆಲೆ ಕೂಗುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಒಬ್ಬರ ಕೈಯನ್ನು ಒಬ್ಬರು ಹಿಡಿದು ಬೆರಳಿನಲ್ಲೇ ಮಾತಾಡುತ್ತಾರೆ. ಹಿಡಿದ ಒಂದೊಂದು ಬೆರಳಿಗೂ ಒಂದು ಬೆಲೆ, ಅರ್ಧ ಬೆರಳು ಹಿಡಿದರೆ ಅದರ ಅರ್ಧ. ಬೆರಳನ್ನು ಮಡಚಿ ವಾಪಸ್ ಒತ್ತಿದರೆ ಬೇಡ ಎಂದು ಅರ್ಥ. ಅಂಗೈಗೆ ಅಂಗೈ ತಟ್ಟಿದರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿದವನನ್ನು ಸಂತೆಯಲ್ಲಿ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಹಾಲು ಕರೆದು ಕೈ ಒರೆಸಿಕೊಳ್ಳುತ್ತ ಅಜ್ಜಿ ನನ್ನ ಕೈಯನ್ನು ಸೆರಗಿನಡಿಗೆ ಎಳೆದುಕೊಂಡು, ಬೆರಳು ಒತ್ತಿ, "ಯೋಳು ಮಗ, ಎಷ್ಟಾಯ್ತು?" ಎಂದು ಪರೀಕ್ಷೆ ಮಾಡುತ್ತಿದ್ದರು. ನಾನು ಬೇಗ ಕಲಿತೆ. ಅವರ ಮೊಮ್ಮಕ್ಕಳಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ.

ಅಜ್ಜಿ ದೇವತೆಯಂಥವರು ಎಂದು ಬರೆದುಬಿಟ್ಟರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಅವರು ಒಂದು ಲೋಟ ನೀರನ್ನೂ ಕುಡಿದವರಲ್ಲ. ಬಾಳೆಹಣ್ಣು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಸಿಪ್ಪೆ ಇದೆಯಲ್ಲ. ಬಕ್ರೀದ್ ದಿನ ಬೆಳಗ್ಗೆಯೇ ಮಗಳ ಮನೆಗೆ ಹೊರಟುಬಿಡುತ್ತಿದ್ದರು. ನಲ್ಲಿಯ ಹತ್ತಿರ ಜಗಳಕ್ಕೆ ನಿಂತರೆ ಇಡೀ ವಠಾರ ಬಾಗಿಲು ಹಾಕಿಕೊಳ್ಳುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದದ್ದೂ ಕಡಿಮೆ. ಬೇರೆಯವರ ಹತ್ತಿರ ಹೇಳುವಾಗ, ನಮ್ಮ ಸಾಬರ ಹುಡುಗಿ. ಅದರಲ್ಲಿ ಸಾಬರ ಎಂಬುದು ನನಗೆ ಚುಚ್ಚುತ್ತಿತ್ತು, ನಮ್ಮ ಎಂಬುದನ್ನು ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ರಂಜಾನಿನಲ್ಲಿ ಸಂಜೆಯ ಹಾಲು ಮೊದಲು ನಮ್ಮ ಮನೆಗೇ ಬರುತ್ತಿತ್ತು. ಆ ಹಾಲಿನ ದುಡ್ಡು ಮಾತ್ರ ಒಂದು ದಿನವೂ ಬಿಟ್ಟವರಲ್ಲ.

ನಾನು ಎರಡನೇ ಪಿಯುಸಿ ಪಾಸಾದ ಬೇಸಿಗೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ನನಗೆ ಬಿ.ಕಾಂ ಓದಬೇಕಿತ್ತು. ಅಬ್ಬಾ ಪೀಣ್ಯದ ಒಂದು ಪ್ಲೇಟಿಂಗ್ ಶಾಪಿನಲ್ಲಿ, ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ನಿಕ್ಕಲ್ ಕೂರಿಸುವ ಕೆಲಸ ಮಾಡುತ್ತಿದ್ದರು. ಆಸಿಡ್ಡಿನಿಂದ ಅವರ ಬೆರಳ ತುದಿಗಳು ಸದಾ ಹಳದಿ. ಓದಬೇಡ ಎಂದು ಅವರು ಹೇಳಲಿಲ್ಲ. ಸಾಲ ಮಾಡದೆ ಕಟ್ಟುವಷ್ಟೇ ಫೀಸಿರಬೇಕು, ಒಂದೇ ಬಸ್ಸಿನಲ್ಲಿ ಹೋಗಿಬರುವಂತಿರಬೇಕು, ಸಂಜೆಯ ಮಗ್ರಿಬ್ ಆಜಾನಿಗೆ ಮುಂಚೆ ಮನೆ ಸೇರಬೇಕು, ತಲೆಯ ಮೇಲಿನ ದುಪಟ್ಟಾ ತಲೆಯ ಮೇಲೇ ಇರಬೇಕು. ಇಷ್ಟೂ ಒಟ್ಟಿಗೆ ಎಲ್ಲಿ ಸಿಗುತ್ತದೋ ಹುಡುಕು ಎಂದರು. ಇನ್ನೊಂದು ಕಡೆ ಫೂಫಿ, ಅಂದರೆ ಅಬ್ಬಾನ ಅಕ್ಕ, ತುಮಕೂರಿನಿಂದ ಒಂದು ಸಂಬಂಧ ತಂದು ಕಾದಿದ್ದರು. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಿತ್ತು. ಕಾಲೇಜುಗಳು ತೆರೆಯುವುದರೊಳಗೆ ಸೀಟು ಸಿಕ್ಕರೆ ಓದು, ಸಿಗದಿದ್ದರೆ ಫೂಫಿಗೆ ಆಗಲಿ ಎನ್ನುವುದು, ಇದು ಅಬ್ಬಾ ಮಾಡಿದ ತೀರ್ಮಾನ.

ಅಬ್ಬಾಗೆ ರಜೆ ಸಿಗುವುದಿಲ್ಲ. ನನ್ನ ತಾಯಿಗೆ ಉರ್ದು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಒಬ್ಬಳನ್ನೇ ಕಳಿಸುವುದಿಲ್ಲ. ನಾನು ಮನೆಯ ಒಳಗೂ ಹೊರಗೂ ಓಡಾಡುತ್ತ, ಬಾಗಿಲಲ್ಲಿ ನಿಂತು ಬಸ್ಸಿನ ಸದ್ದು ಕೇಳುತ್ತ ದಿನ ಕಳೆಯುತ್ತಿದ್ದೆ. ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಒಂದು ಬೆಳಗ್ಗೆ ಒಗೆದ ಸೀರೆ ಉಟ್ಟು, ಹಣೆಯ ತುಂಬ ವಿಭೂತಿ ಬಳಿದು ಬಾಗಿಲಿಗೆ ಬಂದರು.

"ನಾನೂ ಉಟ್ದಾಗಿಂದ ಕಾಲೇಜು ಅಂದ್ರೆ ಎಂಗಿರ್ತದೆ ಅಂತ ನೋಡಿಲ್ಲ ಕಣ್ ಮಗ. ನಡಿ, ನೋಡ್ಕಂಡ್ ಬರಾನ."

ಹೀಗೆ ನಾವಿಬ್ಬರೂ ಹೊರಟೆವು. ಬಸ್ಸಿನಲ್ಲಿ ಜನ ನಮ್ಮಿಬ್ಬರನ್ನು ಒಮ್ಮೆ ನೋಡಿ, ಮತ್ತೊಮ್ಮೆ ತಿರುಗಿ ನೋಡುತ್ತಿದ್ದರು. ಮೊದಲು ಹೋದದ್ದು ತುಮಕೂರು ರಸ್ತೆಯ ಒಂದು ದೊಡ್ಡ ಕಾಲೇಜಿಗೆ. ನಾನು ಅಲ್ಲಿಯ ಕಂಪ್ಯೂಟರುಗಳನ್ನು ನೋಡಿ ಮರುಳಾಗಿದ್ದೆ. ಅಜ್ಜಿ ಎಲ್ಲಿ ಎಂದು ತಿರುಗಿದರೆ ಕಾಣಲಿಲ್ಲ. ಹೆಣ್ಣುಮಕ್ಕಳ ಟಾಯ್ಲೆಟ್ಟಿನಿಂದ ಮೂಗಿಗೆ ಸೆರಗು ಮುಚ್ಚಿಕೊಂಡು ಹೊರಗೆ ಬಂದರು. "ನಲ್ಲೀಲಿ ನೀರಿಲ್ಲ. ನಮ್ಮೆಜಮಾನ್ರು ಹಸ ಕೊಳ್ಳಾಕೋದ್ರೆ ಮೊದ್ಲು ಕೊಟ್ಗೆ ನೋಡೋರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನನ್ನನ್ನು ಎಳೆದುಕೊಂಡು ಬಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಲ್ಲಿಯ ಫೀಸು ನಮಗೆ ಹೇಗೂ ಎಟುಕುತ್ತಿರಲಿಲ್ಲ. ಆದರೂ ಅಷ್ಟು ಹೊತ್ತು ಕನಸು ಕಂಡಿದ್ದೆನಲ್ಲ ಎಂದು ಅಜ್ಜಿಯ ಮೇಲೆ ಸಿಟ್ಟು ಬಂತು.

ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ಸಿಟಿಯ ಒಳಗೆ ನಮ್ಮವರೇ ನಡೆಸುವ ಹೆಣ್ಣುಮಕ್ಕಳ ಕಾಲೇಜು. ಫೀಸು ಕಡಿಮೆ, ಚೆನ್ನಾಗಿ ಓದುವವರಿಗೆ ರಿಯಾಯಿತಿ, ನಮಾಜಿಗೆ ಒಂದು ಕೋಣೆ, ನಲ್ಲಿಯಲ್ಲಿ ಧಾರಾಳ ನೀರು. ಅಜ್ಜಿಯೂ ತಲೆಯಾಡಿಸಿದರು. ಅಲ್ಲಿಯ ಒಬ್ಬ ಮೇಡಂ ಅಜ್ಜಿಗೆ ಕುರ್ಚಿ ಹಾಕಿಸಿ ಮಾತಾಡಿಸಿದರು, ಅವರು ಕೊಟ್ಟ ಟೀಯನ್ನು ಅಜ್ಜಿ ಸ್ವಲ್ಪ ಯೋಚಿಸಿ ಕುಡಿದೇಬಿಟ್ಟರು. ನಾನು ಕಣ್ಣರಳಿಸಿ ನೋಡಿದೆ. ಆದರೆ ಬರುವಾಗ ಎರಡನೇ ಬಸ್ಸು ಯಶವಂತಪುರದ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತಿತು. ಲಗ್ಗೆರೆಯಲ್ಲಿ ಇಳಿಯುವ ಹೊತ್ತಿಗೆ ಮಗ್ರಿಬ್ ಮುಗಿದು ಜನ ಮಸೀದಿಯಿಂದ ವಾಪಸ್ ಬರುತ್ತಿದ್ದರು. ಅವರಲ್ಲಿ ಅಬ್ಬಾನೂ ಇದ್ದರು. ಮಸೀದಿಯ ಗಡಿಯಾರದ ಕಡೆ ಒಮ್ಮೆ ನೋಡಿ ಮುಂದೆ ನಡೆದರು. ಆ ಕಾಲೇಜು ಅಲ್ಲಿಗೆ ಮುಗಿಯಿತು. ಆ ದಿನ ನಾನು ಅತ್ತದ್ದು ಗೋಡೆಯ ಆಚೆ ಅಜ್ಜಿಗೂ ಕೇಳಿರಬೇಕು...

ಉಳಿದದ್ದು ಒಂದೇ. ಜಾಲಹಳ್ಳಿ ಕ್ರಾಸಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿ ನಡೆಯುತ್ತಿದ್ದ ಸಣ್ಣ ಕಾಲೇಜು. ಒಂದೇ ಬಸ್ಸು. ಮಧ್ಯಾಹ್ನಕ್ಕೆ ತರಗತಿ ಮುಗಿಯುತ್ತಿತ್ತು. ಅಜ್ಜಿ ಮೊದಲು ನಲ್ಲಿ ತಿರುಗಿಸಿ ನೋಡಿ ಬಂದರು. ನೀರಿತ್ತು. ಆಫೀಸಿನಲ್ಲಿ ಸೆಕ್ರೆಟರಿಯೇ ಕೂತಿದ್ದರು. ಬಿಳಿ ಶರ್ಟು, ಕೈಯಲ್ಲಿ ಚಿನ್ನದ ಕಡಗ, ಮೇಜಿನ ಮೇಲೆ ಎರಡು ಫೋನು. ಸುತ್ತ ಬೇರೆ ತಂದೆತಾಯಿಯರು. ಫೀಸು ಫಿಕ್ಸ್ ಎಂದರು. ಅದು ಅಬ್ಬಾ ಹೇಳಿದ್ದಕ್ಕಿಂತ ಬಹಳ ಮೇಲಿತ್ತು. ನಾನು ಧೈರ್ಯ ಮಾಡಿ ದುಪಟ್ಟಾದ ವಿಷಯ ಕೇಳಿದೆ. ಅವರು ಕತ್ತು ಒಂದು ಕಡೆಗೆ ವಾಲಿಸಿದರು.

"ಯೂನಿಫಾರ್ಮ್ ಅಂತ ಒಂದಿದೆಯಲ್ಲಮ್ಮ. ಸೇರ್ಕೊ, ಆಮೇಲೆ ನೋಡೋಣ."

ಎದ್ದುಬಿಡೋಣ ಎಂದು ಅಜ್ಜಿಯ ಸೆರಗು ಜಗ್ಗಿದೆ. ಅಜ್ಜಿ ಕದಲಲಿಲ್ಲ.

"ಯಾವೂರಪ್ಪ ನಿಮ್ದು?" ಎಂದು ಸೆಕ್ರೆಟರಿಯನ್ನು ಕೇಳಿದರು.

ಅವರು ಹೆಸರಘಟ್ಟದಿಂದ ಆಚೆಯ ಒಂದು ಹಳ್ಳಿಯ ಹೆಸರು ಹೇಳಿದರು.

"ನಿಮ್ ತಾತ ದನ ಕಟ್ಟಿದ್ರಾ?"

"ಇದ್ವು ಅಜ್ಜಿ. ಆರು ಜೊತೆ ಎತ್ತಿದ್ವಂತೆ. ಯಾಕೆ?"

ಅಜ್ಜಿ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ ಎಳೆದುಕೊಂಡು ಅವರ ಹತ್ತಿರ ಕೂತರು. ನನ್ನನ್ನು ಇಬ್ಬರ ನಡುವೆ ನಿಲ್ಲಿಸಿದರು. ಬೆರಳಿನ ವ್ಯಾಪಾರಕ್ಕೆ ತಮ್ಮ ಸೆರಗು ಹರಡುತ್ತಾರೆಂದು ನಾನು ಎಣಿಸಿದ್ದೆ. ಅವರು ತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ದುಪಟ್ಟಾದ ಇಳಿಬಿದ್ದ ತುದಿಯನ್ನು ಹಿಡಿದು ಎಳೆದರು. ಗದ್ದದ ಕೆಳಗಿನ ಪಿನ್ನು ಜಗ್ಗಿ ನನಗೆ ಚುರುಕ್ ಎಂದಿತು. ಆ ಬಟ್ಟೆಯನ್ನು ಮೇಜಿನ ಅಂಚಿನಿಂದ ತಮ್ಮ ತೊಡೆಯವರೆಗೆ ಹರಡಿ, "ಕೈ ತತ್ತಾ ಸಾಮಿ," ಎಂದರು.

ಸೆಕ್ರೆಟರಿ ಬೆಚ್ಚಿದರು. ಸುತ್ತ ಕೂತವರು ನಕ್ಕರು. ನಾನು ಎಲ್ಲಿಯಾದರೂ ಮಾಯವಾಗಿಬಿಡಬೇಕು ಎಂದುಕೊಂಡೆ, ಆದರೆ ನನ್ನ ತಲೆಯೇ ಆ ಬಟ್ಟೆಗೆ ಸಿಕ್ಕಿಕೊಂಡಿತ್ತು. ಅಜ್ಜಿ ದುಪಟ್ಟಾದ ಅಡಿಯಲ್ಲಿ ಅವರ ಕೈ ಹಿಡಿದೇಬಿಟ್ಟರು. ಮೊದಲು ಅವರ ಮುಖದಲ್ಲಿ ಮುಜುಗರ. ಆಮೇಲೆ ಹುಬ್ಬು ಮೇಲಕ್ಕೆ ಹೋಯಿತು. ಆಮೇಲೆ... ಅದನ್ನು ಹೇಗೆ ಹೇಳಲಿ, ಆ ಕಡಗದ ಮನುಷ್ಯನ ಮುಖದಲ್ಲಿ ತಾತನ ಹಿಂದೆ ಸಂತೆಗೆ ಹೋಗುತ್ತಿದ್ದ ಹುಡುಗ ಕಾಣಿಸಿಕೊಂಡ. ಬಟ್ಟೆ ಅಲ್ಲಾಡುತ್ತಿತ್ತು. ಅಜ್ಜಿ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದರು. ಸೆಕ್ರೆಟರಿ ಒಮ್ಮೆ ತಲೆಯಾಡಿಸಿದರು, ಒಮ್ಮೆ ನಕ್ಕರು, ಒಮ್ಮೆ ನಿಟ್ಟುಸಿರುಬಿಟ್ಟರು. ಅಜ್ಜಿ ಬೆರಳು ಮಡಚಿ ಒತ್ತುವುದು ನನಗೆ ಬಟ್ಟೆಯ ಮೇಲಿಂದಲೇ ಗೊತ್ತಾಗುತ್ತಿತ್ತು. ಕೊನೆಗೆ ಅಂಗೈ ತಟ್ಟುವ ಮುಂಚೆ ಅಜ್ಜಿ ತಡೆದರು.

"ಈ ಬಟ್ಟೆ ಕೆಳ್ಗೆ ಯಾಪಾರ ಆಗೈತೆ. ಓದು ಮುಗಿಯೋಗಂಟ ಈ ಬಟ್ಟೆನ ಯಾರೂ ಮುಟ್ಟಂಗಿಲ್ಲ. ಒಪ್ಗೆನಾ?"

ಸೆಕ್ರೆಟರಿ ದುಪಟ್ಟಾವನ್ನು ನೋಡಿದರು. ನಂತರ ಮೊದಲ ಸಲ ನನ್ನ ಮುಖ ನೋಡಿದರು. "ಆಯ್ತಜ್ಜಿ," ಎಂದರು. ಬಟ್ಟೆಯ ಅಡಿಯಲ್ಲಿ ಅಂಗೈ ತಟ್ಟಿದ ಸದ್ದು ಕೇಳಿಸಿತು. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಗೆ ತಲೆಯಾನಿಸಿ ನಗುತ್ತಲೇ ಇದ್ದೆ. ಅಷ್ಟು ಖುಷಿ ನನಗೆ ಆಮೇಲೆ ಮದುವೆಯ ದಿನವೂ ಆಗಲಿಲ್ಲ.

ಖುಷಿ ನಿಂತದ್ದು ಅಬ್ಬಾ ಮನೆಗೆ ಬರುವವರೆಗೆ. ಅಜ್ಜಿ ಒಪ್ಪಿಬಂದ ಫೀಸು ಅಬ್ಬಾ ಹೇಳಿದ್ದಕ್ಕಿಂತ ಅರ್ಧ ಬೆರಳು ಹೆಚ್ಚಿತ್ತು. ಅಬ್ಬಾನ ಮಿತಿ ಎಷ್ಟು ಎಂದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಅಬ್ಬಾ ಕೇಳಿದಾಗ ಅವರು ದೊಡ್ಡ ಸಾಹಸ ಮಾಡಿದವರಂತೆ, "ಬಟ್ಟೆದೂ ಸೇರ್ಸಿದ್ನಲ್ಲ ಸಾಬ್ರೇ, ಅದುಕ್ಕೆ ಅರ್ಧ ಬೆರಳು ಬಿಟ್ಟೆ," ಎಂದರು.

ಅಬ್ಬಾ ಗಟ್ಟಿ ದನಿಯಲ್ಲಿ ಮಾತಾಡುವವರಲ್ಲ. ಆ ಸಂಜೆಯೂ ದನಿ ಏರಿಸಲಿಲ್ಲ.

"ನನ್ನ ಮಗಳ ದುಪಟ್ಟಾಗೆ ರೇಟ್ ಕಟ್ಟಿದ್ರಾ ಅಮ್ಮಾ? ಅದು ನಮ್ದು. ನಮ್ದಕ್ಕೆ ನಾವ್ಯಾಕೆ ದುಡ್ಡು ಕೊಡ್ಬೇಕು?"

ಅಜ್ಜಿ ಎದ್ದು ಕೊಟ್ಟಿಗೆಗೆ ಹೋದರು. ಅಬ್ಬಾ ಹೊಸ್ತಿಲ ಮೇಲೆ ಕೂತು ಹಳದಿ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು. ಅವರಿಗೆ ದುಡ್ಡಿನ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಅವರನ್ನು ಕೊರೆಯುತ್ತಿದ್ದುದು ಬೇರೆ ಎಂದು ನನಗೆ ಆಗಲೇ ಗೊತ್ತಿತ್ತು. ಇಬ್ಬರ ಮೇಲೂ ನನಗೆ ಕೋಪ. ಒಬ್ಬರು ನನ್ನ ತಲೆಯ ಬಟ್ಟೆಯನ್ನು ಹಸುವಿನ ಜೊತೆ ಬರುವ ಹಗ್ಗದಂತೆ ವ್ಯಾಪಾರಕ್ಕೆ ಹಾಕಿದರು, ಇನ್ನೊಬ್ಬರು ಅದೇ ಬಟ್ಟೆಯ ಮಾನಕ್ಕಾಗಿ ನನ್ನ ಓದನ್ನು ಬಿಡಿಸಲು ಕೂತರು. ಆ ಬಟ್ಟೆಯ ಒಳಗಿದ್ದ ತಲೆಯನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಕೆಲವು ದಿನ ಹಾಲಿನ ಚೊಂಬನ್ನು ಅಜ್ಜಿ ಬಾಗಿಲಲ್ಲಿಟ್ಟು ಕೂಗದೆ ಹೋಗುತ್ತಿದ್ದರು. ನನ್ನ ತಾಯಿ ದುಡ್ಡನ್ನು ಖಾಲಿ ಚೊಂಬಿನ ಒಳಗಿಟ್ಟು ವಾಪಸ್ ಇಡುತ್ತಿದ್ದರು. ಫೂಫಿಯ ಫೋನು ಬರುತ್ತಲೇ ಇತ್ತು. ಬಸ್ಸಿನಲ್ಲಿ ಬ್ಯಾಗು ಹಿಡಿದ ಹುಡುಗಿಯರು ಕಾಣಿಸತೊಡಗಿದರು. ನಾನು ಊಟ ಬಿಟ್ಟೆ, ಮತ್ತೆ ಹಸಿವು ತಡೆಯಲಾರದೆ ತಿಂದೆ. ನಡೆದಾಡಲು ಆ ಮನೆಯಲ್ಲಿ ಜಾಗವೂ ಇರಲಿಲ್ಲ.

ಒಂದು ಬೆಳಗ್ಗೆ ಅಜ್ಜಿ ಹಾಲು ಕರೆಯುತ್ತಿದ್ದಾಗ ಅಬ್ಬಾ ಫಸ್ಟ್ ಶಿಫ್ಟಿಗೆ ಹೊರಟವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. ನಾನು ಕಿಟಕಿಗೆ ಕಿವಿಯಾನಿಸಿದೆ. ಅಜ್ಜಿ ತಿರುಗದೆಯೇ ಮಾತಾಡಿದರು.

"ಬಟ್ಟೆಗೆ ನಾನು ಬೆಲೆ ಕಟ್ಲಿಲ್ಲ ಸಾಬ್ರೇ. ಅವ್ನ ಬಾಯ್ಗೆ ಕಟ್ದೆ. ಅವ್ನು ನೋಡಾನ ನೋಡಾನ ಅಂತಿದ್ದ. ಅಂಗನ್ನೋನ ಕೈಲಿ ಹೂಂ ಅನ್ನಿಸ್ಬೇಕಂದ್ರೆ ಏನಾರಾ ಬಿಡ್ಬೇಕು."

ಆಮೇಲೆ ಅಬ್ಬಾ, "ಸೇರಿಸ್ತೀನಿ. ಆದ್ರೆ ಬಾಡಿಗೇಲಿ ಒಂದು ಪೈಸೆ ಕಮ್ಮಿ ಮಾಡಿದ್ರೂ ಮನೆ ಖಾಲಿ ಮಾಡ್ತೀನಿ," ಎಂದರು.

"ಮಾಡಲ್ಲ ಓಗಿ," ಎಂದರು ಅಜ್ಜಿ.

ಮಾಡಲೂ ಇಲ್ಲ. ಆದರೆ ಪ್ರತಿ ಯುಗಾದಿಗೆ ತಪ್ಪದೆ ಬಾಡಿಗೆ ಏರಿಸುತ್ತಿದ್ದವರು ನನ್ನ ಓದು ಮುಗಿಯುವವರೆಗೆ ಆ ಮಾತೆತ್ತಲಿಲ್ಲ. ಅಬ್ಬಾ ಭಾನುವಾರಗಳಲ್ಲೂ ಓವರ್‌ಟೈಮ್ ಮಾಡಿದರು. ಯುಗಾದಿ ಬಂದು ಹೋದದ್ದು ಅವರಿಗೂ ತಿಳಿದಿತ್ತು. ಅವರೂ ಮಾತೆತ್ತಲಿಲ್ಲ.

ಆ ಕಾಲೇಜಿನಲ್ಲಿ ನಾನು ನೆಮ್ಮದಿಯಿಂದ ಓದಿದೆ ಎಂದು ಹೇಳಲಾರೆ. ಪ್ರತಿ ವರ್ಷ ತರಗತಿ ಶುರುವಾಗುವಾಗ ಹೊಸದಾಗಿ ಯಾರು ಬಂದಿದ್ದಾರೆಂದು ಮೊದಲು ವಿಚಾರಿಸುತ್ತಿದ್ದೆ. ಎರಡನೇ ವರ್ಷ ಹೊಸದಾಗಿ ಬಂದ ಒಬ್ಬರು ಲೆಕ್ಚರರ್ ಮೇಡಂ ಪಾಠ ನಿಲ್ಲಿಸಿ ನನ್ನನ್ನು ಎದ್ದು ನಿಲ್ಲಿಸಿದರು. ದುಪಟ್ಟಾ ಹೆಗಲ ಮೇಲಿರಲಿ, ತಲೆಯ ಮೇಲೆ ಬೇಡ ಎಂದರು. ಸೆಕ್ರೆಟರಿ ಒಪ್ಪಿದ್ದಾರೆ ಎಂದೆ. ಬರೆದುಕೊಟ್ಟಿದ್ದಾರಾ ಎಂದು ಕೇಳಿದರು. ನನ್ನ ಹತ್ತಿರ ಏನಿತ್ತು ತೋರಿಸುವುದಕ್ಕೆ? ಯಾರೋ ಕೆಳಗಿನಿಂದ ಸೆಕ್ರೆಟರಿಯನ್ನೇ ಕರೆದುಕೊಂಡು ಬಂದರು. ಅವರು ಬಾಗಿಲಲ್ಲೇ ನಿಂತು ನನ್ನ ದುಪಟ್ಟಾವನ್ನು ನೋಡಿದರು, ತಮ್ಮ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಅದು ಆಗಿರೋ ಮಾತು ಮೇಡಂ. ಪಾಠ ಮಾಡಿ," ಎಂದು ಹೊರಟುಹೋದರು. ಮನೆಗೆ ಬಂದು ಅಜ್ಜಿಗೆ ಹೇಳಿದರೆ ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅಂಗೈ ತಟ್ಟಿದ ಮೇಲೆ ಇನ್ನೇನು ಎಂಬಂತೆ ಹಿಂಡಿ ಕಲಸುವುದನ್ನು ಮುಂದುವರಿಸಿದರು.

ಅಬ್ಬಾ ಹೇಳಿದ್ದು ಸರಿಯೋ ಅಜ್ಜಿ ಮಾಡಿದ್ದು ಸರಿಯೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಒಂದು ದಿನ ಅಬ್ಬಾನ ಕಡೆ ವಾಲುತ್ತೇನೆ, ಒಂದು ದಿನ ಅಜ್ಜಿಯ ಕಡೆ. ಆ ಬಿ.ಕಾಂನಿಂದಲೇ ನಾನು ಇವತ್ತು ಪೀಣ್ಯದ ಒಂದು ಫ್ಯಾಕ್ಟರಿಯ ಅಕೌಂಟ್ಸ್ ಸೆಕ್ಷನ್ನಿನಲ್ಲಿದ್ದೇನೆ ಎಂಬುದಂತೂ ನಿಜ.

ನಾನು ಮದುವೆಯಾಗಿ ದಾಸರಹಳ್ಳಿಗೆ ಬಂದ ಮೇಲೆ ಅಜ್ಜಿಯ ಮಕ್ಕಳು ವಠಾರವನ್ನು ಪಾಲು ಮಾಡಿಕೊಂಡರು. ಹಸುವನ್ನು ಟೆಂಪೋಗೆ ಹತ್ತಿಸಿದ ದಿನ ಅಜ್ಜಿ ಒಳಗಿನಿಂದ ಹೊರಗೆ ಬರಲಿಲ್ಲವಂತೆ. ಅವರು ಹೋದ ಸುದ್ದಿ ಬಂದಾಗ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಿದೆ. ಅಂಗಳದಲ್ಲಿ ಮಲಗಿಸಿದ್ದರು. ಸುತ್ತ ಅವರ ಕಡೆಯ ಹೆಂಗಸರು. ಹತ್ತಿರ ಹೋಗಬಹುದೋ ಬಾರದೋ ಎಂದು ನಿಂತಿದ್ದೆ. ಒಬ್ಬರು ಜಾಗ ಬಿಟ್ಟು, ನೀನೇ ಅಲ್ವಾ ಸಾಬರ ಹುಡುಗಿ, ಬಾ ಎಂದರು. ಒಂದು ಸಲ ಅವರ ಕೈ ಹಿಡಿಯಬೇಕೆಂದು ಬಗ್ಗಿದೆ. ಎರಡೂ ಕೈಗಳ ಹೆಬ್ಬೆರಳುಗಳನ್ನು ಜೋಡಿಸಿ ದಾರದಿಂದ ಕಟ್ಟಿ, ಉಳಿದ ಬೆರಳುಗಳನ್ನು ಹೂವಿನಿಂದ ಮುಚ್ಚಿದ್ದರು. ಹಿಡಿಯುವುದಕ್ಕೆ ನನಗೆ ಬೆರಳು ಸಿಗಲಿಲ್ಲ...

ಬೆರಳಿನ ಆ ಭಾಷೆಯನ್ನು ನಾನು ಮಗಳಿಗೆ ಕಲಿಸಿದ್ದೇನೆ. ಬಟ್ಟೆ ಅಂಗಡಿಯಲ್ಲಿ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅಂಗಡಿಯವನು ಬೆಲೆ ಹೇಳಿದ ಕೂಡಲೇ ದುಪಟ್ಟಾದಡಿ ಬೆರಳು ಮಡಚಿದರೆ ಸಾಕು, ಅವಳು ಮುಖ ಸಪ್ಪಗೆ ಮಾಡಿಕೊಂಡು ಎದ್ದು ನಿಲ್ಲುತ್ತಾಳೆ.

ಯಂತ್ರ ನಮ್ಮ ಟೋಕನ್ ಕೂಗಿತು. ಗಾಜಿನ ಆಚೆ ಕೂತಿದ್ದವಳು ಉತ್ತರ ಕರ್ನಾಟಕದ ಕಡೆಯ ಹುಡುಗಿ, ಮಾತು ಮೆದುವಾಗಿತ್ತು. ಫೀಸು ಹೇಳಿದಳು. ಹೆಚ್ಚೇ, ಆದರೆ ಕಷ್ಟಪಟ್ಟರೆ ಆದೀತು. ಸ್ಕಾರ್ಫ್ ಹಾಕಿಕೊಳ್ಳಲು ಬಿಡುತ್ತೀರಾ ಎಂದು ಕೇಳಿದೆ. ಅವಳು ಅತ್ತಿತ್ತ ನೋಡಿದಳು.

"ಅದು ನನಗ ಗೊತ್ತಿಲ್ರಿ ಮೇಡಂ. ಅಡ್ಮಿಷನ್ ಮಾಡಿಸ್ರಿ, ಆಮ್ಯಾಲೆ ಮೇಲಿನವರು ನೋಡ್ತಾರ."

"ಮೇಲಿನವರನ್ನ ಈಗಲೇ ಕೇಳಬಹುದಾ?"

"ಅವರು ಇಲ್ಲಿ ಕೂಡಂಗಿಲ್ರಿ. ಮೇಲ್ ಹಾಕ್ರಿ."

ಅವಳದೇನೂ ತಪ್ಪಿರಲಿಲ್ಲ. ನನಗೇ ಗೊತ್ತಿಲ್ಲದಂತೆ ನನ್ನ ಬಲಗೈ ಗಾಜಿನ ಕೆಳಗಿನ ಸಂದಿಯೊಳಗೆ ಹೋಗಿತ್ತು, ಅಂಗೈ ಮೇಲಕ್ಕಾಗಿ. ಆ ಹುಡುಗಿ ಒಂದು ಕ್ಷಣ ನನ್ನ ಕೈಯನ್ನೇ ನೋಡಿದಳು. ಏನು ಬೇಕೆಂದು ಅವಳಿಗೆ ಹೇಗೆ ತಿಳಿಯಬೇಕು? ಒಂದು ಬ್ರೋಷರ್ ತೆಗೆದು ಅದರಲ್ಲಿಟ್ಟಳು.

ವಾಪಸ್ ಬಂದು ಕೂತೆ. ಕಾಲು ಮತ್ತೆ ಶುರುವಾಯಿತು. ಅರ್ಧ ಬೆರಳು ಹೆಚ್ಚು ಕೇಳಿದ್ದರೂ ಕೊಡುತ್ತಿದ್ದೆ, ಅಬ್ಬಾ ಕ್ಷಮಿಸಲಿ. ಆದರೆ ಕೊಡುವುದಕ್ಕೆ ಆಚೆ ಕಡೆ ಒಂದು ಕೈ ಬೇಕಲ್ಲ. ಅಜ್ಜಿ ಇದ್ದಿದ್ದರೆ ಈ ಗಾಜನ್ನು ನೋಡಿ ಏನು ಮಾಡುತ್ತಿದ್ದರೋ... ಅವರು ಬೇಕು ಎನಿಸಿತು. ಹಿಂಡಿಯ ವಾಸನೆ ಹೊತ್ತು, ಜಗಳಕ್ಕೆ ಸಿದ್ಧವಾಗಿ, ನನ್ನ ಮಗಳ ಪಕ್ಕದಲ್ಲಿ ಬಂದು ಕೂರಬೇಕು ಎನಿಸಿ ಕಣ್ಣು ತುಂಬಿತು.

ದುಪಟ್ಟಾದ ಅಡಿಯಲ್ಲಿ ಮಗಳ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. ಒಂದೊಂದೇ ಬೆರಳನ್ನು ಹಿಡಿದು ನಿಧಾನವಾಗಿ ಮಡಚಿದಳು. ಎಲ್ಲ ಬೆರಳೂ ಮಡಚಿದ ಮೇಲೆ ಒತ್ತಿ ವಾಪಸ್ ಕೊಟ್ಟಳು. ಅವಳ ಮುಖ ಮಾತ್ರ ಗೋಡೆಯ ಮೇಲಿನ ರ‍್ಯಾಂಕ್ ಬಂದ ಮಕ್ಕಳ ಕಡೆಗಿತ್ತು. ಬ್ರೋಷರನ್ನು ಕುರ್ಚಿಯ ಮೇಲೆ ಬಿಟ್ಟು ಇಬ್ಬರೂ ಎದ್ದೆವು.

"ಲಗ್ಗೆರೆ ಕಡೆ ಇನ್ನೊಂದಿದೆಯಲ್ಲ, ನಾಲ್ಕರವರೆಗೆ ತೆಗೆದಿರುತ್ತೆ," ಎಂದಳು ಗೇಟಿನ ಹೊರಗೆ. "ಅಲ್ಲಿ ನಾನೇ ಕೇಳ್ತೀನಿ ಅಮ್ಮಿ. ನೀನು ಸುಮ್ನೆ ಪಕ್ಕದಲ್ಲಿರು."

ಬಸ್ಸು ಬಂತು. ಅಜ್ಜಿಯ ಕೊಟ್ಟಿಗೆ ಇದ್ದ ಜಾಗದ ಮುಂದೆಯೇ ಅದು ಹಾದುಹೋಗುತ್ತದೆ. ಈಗ ಅಲ್ಲಿ ನಾಲ್ಕು ಅಂತಸ್ತಿನ ಪೀಜಿ ಇದೆ. ಆ ಕಡೆಯ ಕಿಟಕಿಯ ಸೀಟು ಖಾಲಿಯಿತ್ತು. ಆ ಪೀಜಿ ಕಣ್ಣಿಗೆ ಬೀಳದಿರಲೆಂದು ನಾನು ಈಚೆ ಕಡೆ ಕೂತೆ.